ಒಂದು ಸಹಿಗೆ ಒಂಬತ್ತು ದಿನ: ಜಕಾರ್ತಾದಲ್ಲಿ ನಾನು ಕಾದ ಕಥೆ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಶೀನ್ ಶಾಪ್ ಇದೆ. ನಾಲ್ಕು ಸಿಎನ್‌ಸಿ ಲೇತ್, ಎರಡು ಹಳೇ ಮಿಲ್ಲಿಂಗ್ ಮಶೀನು, ಹತ್ತೊಂಬತ್ತು ಜನ. ತಾಳೆ ಎಣ್ಣೆ ಗಿರಣಿಗಳ ಸ್ಕ್ರೂ ಪ್ರೆಸ್‌ಗೆ ಬೇಕಾಗುವ ವರ್ಮ್ (ಅಂದರೆ ತಿರುಪು), ಶಾಫ್ಟ್, ಬುಷ್ ಇಂಥವನ್ನು ಮಾಡುತ್ತೇವೆ. ಮನೆಯ ಚಕ್ಕುಲಿ ಒರಳಿನ ದೊಡ್ಡಣ್ಣ ಅಂದುಕೊಳ್ಳಿ. ಹಣ್ಣನ್ನು ತಿರುಪು ಒತ್ತಿ ಒತ್ತಿ ಎಣ್ಣೆ ಹಿಂಡುತ್ತದೆ, ಹಿಂಡುತ್ತಾ ತಾನೇ ಸವೆಯುತ್ತದೆ. ಅದು ಸವೆಯುವುದರಿಂದಲೇ ನಮ್ಮ ಹೊಟ್ಟೆಪಾಡು.

ಪ್ರಪಂಚದಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತೆಗೆಯುವ ದೇಶ ಇಂಡೊನೇಷ್ಯಾ. 2022ರ ಏಪ್ರಿಲ್ ಕೊನೆಯಲ್ಲಿ ಅವರು ಮೂರು ವಾರಕ್ಕೂ ಹೆಚ್ಚು ಕಾಲ ರಫ್ತು ನಿಲ್ಲಿಸಿದಾಗ ನಮ್ಮ ಬೀದಿಯ ಬಜ್ಜಿ ಅಂಗಡಿಯವನೂ ಆ ದೇಶದ ಹೆಸರು ಹಿಡಿದು ಬೈದಿದ್ದ. ಗಿರಣಿಗಳೆಲ್ಲ ಸುಮಾತ್ರಾ, ಕಾಲಿಮಂತಾನ್ ಕಡೆಯ ತೋಟಗಳ ನಡುವೆ ಇವೆ. ದುಡ್ಡಿನ ತೀರ್ಮಾನ ಮಾತ್ರ ಜಕಾರ್ತಾದ ಗಾಜಿನ ಕಟ್ಟಡಗಳಲ್ಲಿ. ಅಂಥ ಒಂದು ಕಂಪನಿ ನಮ್ಮ ಸ್ಯಾಂಪಲ್ಲುಗಳನ್ನು ಎಂಟು ತಿಂಗಳು ಓಡಿಸಿ ನೋಡಿ, 'ಬನ್ನಿ, ಎರಡು ವರ್ಷದ ಒಪ್ಪಂದ ಮಾಡಿಕೊಳ್ಳೋಣ' ಅಂದಿತು. ನಾಲ್ಕು ದಿನದಲ್ಲಿ ಮುಗಿಸಿ ವಾಪಸ್ ಬರುತ್ತೇನೆ ಅಂತ ಮನೆಯಲ್ಲಿ ಹೇಳಿದೆ. 2024ರ ಬಲಿಪಾಡ್ಯಮಿಯ ಮರುದಿನ, ನವೆಂಬರ್ 3ರಂದು ವಿಮಾನ ಹತ್ತಿದೆ.

ಸೂಕರ್ನೋ ಹತ್ತಾ ನಿಲ್ದಾಣದಲ್ಲಿ ಇಳಿದಾಗ ಸಂಜೆ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದೆ. ಸ್ಥಳದಲ್ಲೇ ಕೊಡುವ ವೀಸಾಕ್ಕೆ ಐದು ಲಕ್ಷ ಅಂತ ಬೋರ್ಡು ಇತ್ತು. ಒಂದು ಕ್ಷಣ ಎದೆ ಧಸಕ್ಕೆಂದಿತು. ಅವರ ಐದು ಲಕ್ಷ ಅಂದರೆ ನಮ್ಮ ಎರಡೂವರೆ ಸಾವಿರದ ಮೇಲೆ ಚೂರು. ಆಗ ನಮ್ಮ ಒಂದು ರೂಪಾಯಿಗೆ ಅವರ ಸುಮಾರು 185ರಿಂದ 190 ರುಪಿಯಾ ಬರುತ್ತಿತ್ತು. ಮುಂದಿನ ಒಂಬತ್ತು ದಿನವೂ ಈ ಸೊನ್ನೆಗಳ ಜೊತೆ ಒದ್ದಾಡಿದೆ. ಒಂದು ಸಲ ಕಾಫಿಗೆ 35,000 ಅಂದಾಗ ಐವತ್ತು ಸಾವಿರದ ನೋಟು ಅಂತ ಐದು ಸಾವಿರದ್ದು ಕೊಟ್ಟು ನಿಂತಿದ್ದೆ. ಹುಡುಗಿ ಏನೂ ಹೇಳಲಿಲ್ಲ. ನಗುತ್ತಾ ನಿಂತಳು. ಅಲ್ಲಿ ಯಾರೂ 'ಇದು ತಪ್ಪು' ಅಂತ ಮುಖಕ್ಕೆ ಹೇಳುವುದಿಲ್ಲ. ಇದು ನನಗೆ ಅರ್ಥವಾಗಲು ಇನ್ನೂ ಸುಮಾರು ದಿನ ಬೇಕಾಯಿತು.

ಹೋಟೆಲ್ ಇದ್ದದ್ದು ಸಬಾಂಗ್ ರಸ್ತೆಯ ಹತ್ತಿರ. ಕಂಪನಿಯ ಆಫೀಸು ಕುನಿಂಗಾನ್‌ನಲ್ಲಿ, ರಸೂನಾ ಸಯೀದ್ ರಸ್ತೆಯಲ್ಲಿ. ಆ ರಸ್ತೆಗೆ ಒಬ್ಬ ಹೆಣ್ಣುಮಗಳ ಹೆಸರು, ಸ್ವಾತಂತ್ರ್ಯ ಹೋರಾಟಗಾರ್ತಿ. ನಕ್ಷೆಯಲ್ಲಿ ನೋಡಿದರೆ ಕೂಗಳತೆ ದೂರ. ಸೋಮವಾರ ಹತ್ತು ಗಂಟೆಗೆ ಮೀಟಿಂಗು. ಎಂಟೂವರೆಗೇ ಟ್ಯಾಕ್ಸಿ ಹತ್ತಿದೆ. ಬೆಂಗಳೂರಿನವನಿಗೆ ಟ್ರಾಫಿಕ್ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಅಲ್ವಾ? ಸಿಲ್ಕ್ ಬೋರ್ಡ್ ನೋಡಿದವನು ನಾನು. ಆದರೂ ಹತ್ತೂ ಇಪ್ಪತ್ತಕ್ಕೆ ತಲುಪಿದೆ.

ನಮ್ಮ ಟ್ರಾಫಿಕ್‌ಗೂ ಅವರದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ಹಾರ್ನ್ ಇಲ್ಲ. ಸಾವಿರಾರು ಬೈಕು, ಕಾರು ಒಂದರ ಪಕ್ಕ ಒಂದು ಇಂಚು ಬಿಟ್ಟು ನಿಂತಿವೆ, ಎಲ್ಲರೂ ಸುಮ್ನೆ ಕೂತಿದ್ದಾರೆ. ನಮ್ಮಲ್ಲಾದರೆ ಹಾರ್ನ್ ಹೊಡೆದು ಸಿಟ್ಟು ತೀರಿಸಿಕೊಳ್ಳುತ್ತೇವೆ. ಅಲ್ಲಿ ಆ ಸಿಟ್ಟು ಎಲ್ಲಿ ಹೋಗುತ್ತದೋ. ಚಾಲಕ ಒಂದೇ ಪದ ಹೇಳಿದ: 'ಮಾಚೆತ್'. ಜಾಮ್ ಆಗಿದೆ ಅಂತ. ನಮ್ಮಲ್ಲಿ 'ಮಳೆ' ಅಂದಂತೆ ಹೇಳಿದ. ಯಾರ ತಪ್ಪೂ ಅಲ್ಲದ, ಮೇಲಿನಿಂದ ಬರುವ ಏನೋ ಒಂದು ಅನ್ನುವ ಹಾಗೆ.

ಅವನೇ ಇನ್ನೊಂದು ಕಥೆ ಹೇಳಿದ. ಕೆಲವು ವರ್ಷಗಳ ಹಿಂದಿನವರೆಗೆ ಮುಖ್ಯ ರಸ್ತೆಗಳಲ್ಲಿ ಬೆಳಿಗ್ಗೆ, ಸಂಜೆ ಕಾರಿನಲ್ಲಿ ಮೂರು ಜನ ಇರಲೇಬೇಕು ಅಂತ ನಿಯಮ ಇತ್ತಂತೆ. ಆಗ ರಸ್ತೆಯ ಬಾಯಲ್ಲಿ ಬಾಡಿಗೆಗೆ ಮನುಷ್ಯರು ಸಿಗುತ್ತಿದ್ದರು. 'ಜೋಕಿ' ಅಂತ ಹೆಸರು. ಒಂದು ಬೆರಳು ಎತ್ತಿ ನಿಂತರೆ ಒಬ್ಬರು, ಎರಡು ಎತ್ತಿದರೆ ತಾಯಿ ಮತ್ತು ಕಂಕುಳಲ್ಲಿ ಕೂಸು. ದುಡ್ಡು ಕೊಟ್ಟು ಹತ್ತಿಸಿಕೊಂಡರೆ ಕಾರಿನಲ್ಲಿ ತಲೆಯ ಲೆಕ್ಕ ಸರಿಯಾಗುತ್ತಿತ್ತು. 2016ರಲ್ಲಿ ಆ ನಿಯಮ ತೆಗೆದು, ನಂಬರ್ ಪ್ಲೇಟಿನ ಸರಿ ಬೆಸ ನೋಡುವ ನಿಯಮ ತಂದರು. ಅದಕ್ಕೇನು ಮಾಡ್ತಾರೆ ಅಂತ ಕೇಳಿದೆ. 'ಇದ್ದವರು ಎರಡನೇ ಕಾರು ತಗೊಳ್ತಾರೆ' ಅಂದ. ಎಲ್ಲ ಊರಿನ ಜನರೂ ಒಂದೇ.

ಅಂತೂ ಏದುಸಿರು ಬಿಡುತ್ತಾ ಆಫೀಸಿಗೆ ಹೋದರೆ ಅಲ್ಲಿ ಯಾರೂ ಇಲ್ಲ. ಅವರು ಬಂದದ್ದು ಹತ್ತೂ ಮುಕ್ಕಾಲಿಗೆ. ತಡವಾಯಿತು ಅಂತ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಇದಕ್ಕೆ ಅವರಲ್ಲಿ 'ಜಾಮ್ ಕಾರೆತ್' ಅನ್ನುವ ಮಾತಿದೆ, ರಬ್ಬರ್ ಗಂಟೆ. ಎಳೆದಷ್ಟೂ ಬರುತ್ತದೆ.

ಮೇಜಿನ ಮೇಲೆ ಎಲ್ಲರ ಮುಂದೂ ಒಂದೊಂದು ಪುಟ್ಟ ರಟ್ಟಿನ ಡಬ್ಬಿ. ನಮ್ಮ ಮದುವೆಮನೆ ತಾಂಬೂಲದ ಚೀಲದಂತೆ ಅದು ಅಲ್ಲಿನ ಮೀಟಿಂಗಿನ ಮರ್ಯಾದೆ. ಒಂದು ಕೇಕು, ಒಂದು ಕರಿದದ್ದು, ಬಾಳೆಲೆಯಲ್ಲಿ ಸುತ್ತಿದ ಅಂಟು ಅನ್ನದ ಉಂಡೆ, ಮುಚ್ಚಿದ ಲೋಟದಲ್ಲಿ ನೀರು. ಬಾಳೆಲೆ ನೋಡಿ ಆಸೆಯಿಂದ ಬಿಚ್ಚಿದೆ. ಒಳಗೆ ಕೋಳಿ. ನಾನು ಸಸ್ಯಾಹಾರಿ. ಮೆಲ್ಲಗೆ ಮತ್ತೆ ಸುತ್ತಿ ಇಟ್ಟೆ. ಎಲ್ಲರೂ ನೋಡಿದರು, ಯಾರೂ ನೋಡಿದ ಹಾಗೆ ಮಾಡಲಿಲ್ಲ. ಮಾರನೇ ದಿನ ನನ್ನ ಡಬ್ಬಿಯಲ್ಲಿ ಮಾತ್ರ ಹುರಿದ ತೆಂಪೆ (ಸೋಯಾಕಾಳು ಹುದುಗಿಸಿ ಮಾಡಿದ ಬಿಲ್ಲೆ), ಬೇಯಿಸಿದ ಬಾಳೆಹಣ್ಣು ಇತ್ತು.

ಮೊದಲ ದಿನ ವ್ಯಾಪಾರದ ಮಾತೇ ಬರಲಿಲ್ಲ. ಮಕ್ಕಳೆಷ್ಟು, ಯಾವ ಧರ್ಮ, ಅಪ್ಪ ಅಮ್ಮ ಇದ್ದಾರಾ, ಇದೇ ಮಾತು. ಖರೀದಿ ವಿಭಾಗದ ಮುಖ್ಯಸ್ಥರು ಐವತ್ತರ ಆಸುಪಾಸಿನವರು. ಎಲ್ಲರೂ ಅವರನ್ನು 'ಪಾಕ್' ಅಂತ ಕರೆಯುತ್ತಿದ್ದರು, ನಮ್ಮ 'ಸಾರ್', 'ಯಜಮಾನರೇ' ಎರಡೂ ಸೇರಿದ ಹಾಗೆ. ನಾನೂ ಪಾಕ್, ಅವರೂ ಪಾಕ್, ಕಾರು ಓಡಿಸುವವನೂ ಪಾಕ್. ಈ ಸಮಾನತೆ ನನಗೆ ಹಿಡಿಸಿತು. ಅವರು ನನ್ನ ಮಗಳ ಮದುವೆ ಆಗಿದೆಯಾ ಅಂತ ಕೇಳಿದರು. 'ಇಲ್ಲ' ಅಂದೆ, ಕಲಿತಿದ್ದ ಒಂದೇ ಪದದಲ್ಲಿ: 'ತಿದಾಕ್'. ಪಕ್ಕದಲ್ಲಿದ್ದ ಹುಡುಗಿ ಗಾಬರಿಯಿಂದ ತಿದ್ದಿದಳು. ಹಾಗೆ ಹೇಳಬಾರದು, 'ಬೆಲುಮ್' ಅನ್ನಬೇಕು. ಅಂದರೆ 'ಇನ್ನೂ ಇಲ್ಲ'. ಅರವತ್ತರ ಬ್ರಹ್ಮಚಾರಿಯೂ ಅಲ್ಲಿ ಮದುವೆ ಆಗಿಲ್ಲ ಅನ್ನುವುದಿಲ್ಲ, ಇನ್ನೂ ಆಗಿಲ್ಲ ಅನ್ನುತ್ತಾನೆ. ಬಾಗಿಲು ಮುಚ್ಚಬಾರದು, ಚೂರು ಓರೆ ಮಾಡಿ ಇಡಬೇಕು.

ಆ ಹುಡುಗಿ ಖರೀದಿ ವಿಭಾಗದಲ್ಲಿ ಕಿರಿಯ ಅಧಿಕಾರಿ. ಮುಂದಿನ ದಿನಗಳಲ್ಲಿ ನನಗೆ ಭಾಷೆಯನ್ನೂ, ಆ ಆಫೀಸನ್ನೂ ಓದಲು ಕಲಿಸಿದವಳು ಅವಳೇ.

ಮಂಗಳವಾರ ಕೆಲಸದ ಮಾತು ಶುರುವಾಯಿತು. ತಾಂತ್ರಿಕ ವಿಭಾಗದವರು ನಮ್ಮ ವರ್ಮ್ ಎಷ್ಟು ಗಂಟೆ ಓಡಿತು, ಎಲ್ಲಿ ಸವೆಯಿತು ಅಂತ ಫೋಟೊ ಸಮೇತ ತೋರಿಸಿದರು. ಅವರ ತಯಾರಿ ನೋಡಿ ನಾಚಿಕೆಯಾಯಿತು. ರಬ್ಬರ್ ಗಂಟೆ ಅಂತ ನಾನು ಮನಸ್ಸಿನಲ್ಲೇ ನಕ್ಕಿದ್ದೆ, ಇಲ್ಲಿ ಅಳತೆ ಮೈಕ್ರಾನ್ ಲೆಕ್ಕದಲ್ಲಿತ್ತು. ತಾಳೆ ಗೊಂಚಲನ್ನು ಕೊಯ್ದ ಮೇಲೆ ಒಂದು ದಿನದೊಳಗೆ ಬೇಯಿಸಬೇಕು. ತಡವಾದಷ್ಟೂ ಎಣ್ಣೆಯಲ್ಲಿ ಆಮ್ಲ ಏರುತ್ತದೆ, ಬೆಲೆ ಇಳಿಯುತ್ತದೆ. ಹಾಗಾಗಿ ಒಂದು ಬುಷ್ ಇಲ್ಲದೆ ಗಿರಣಿ ನಿಂತರೆ ಲಾರಿಗಟ್ಟಲೆ ಹಣ್ಣು ಹಾಳು. ಮೀಟಿಂಗಿಗೆ ಮುಕ್ಕಾಲು ಗಂಟೆ ತಡವಾದರೆ ನಡೆಯುತ್ತದೆ, ಬಿಡಿಭಾಗ ತಡವಾದರೆ ನಡೆಯುವುದಿಲ್ಲ.

ನಾನು ಏನು ಕೇಳಿದರೂ 'ಬಿಸಾ' ಅನ್ನುತ್ತಿದ್ದರು. ಬಿಸಾ ಅಂದರೆ 'ಆಗುತ್ತೆ'. ಖುಷಿಯಾಗಿ ಬರೆದುಕೊಂಡೆ. ಆ ಹುಡುಗಿ ಮಧ್ಯಾಹ್ನ ಹೇಳಿದಳು, ಬಿಸಾ ಅಂದರೆ ಹಾವಿನ ವಿಷ ಅಂತಲೂ ಅರ್ಥ ಇದೆ ಅಂತ. ಅದು ನಮ್ಮ 'ವಿಷ'ವೇ, ಸಂಸ್ಕೃತದಿಂದ ಹೋದದ್ದು. ಯಾವ ಬಿಸಾ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂದೆ. 'ಬಿಸಾ ಅಂದ ಮೇಲೆ ದಿನಾಂಕ ಹೇಳಿದರೆ ಆಗುತ್ತೆ, ಹೇಳದಿದ್ದರೆ ಇಲ್ಲ' ಅಂದಳು. ನನ್ನ ಪಟ್ಟಿ ತೆಗೆದು ನೋಡಿದೆ. ಒಂಬತ್ತು ಬಿಸಾದಲ್ಲಿ ದಿನಾಂಕ ಇದ್ದದ್ದು ಎರಡಕ್ಕೆ.

ಅಷ್ಟರಲ್ಲಿ ಓಡಾಟದ ದಾರಿ ಕಂಡುಕೊಂಡಿದ್ದೆ. ಟ್ಯಾಕ್ಸಿ ಬಿಟ್ಟೆ. ಅವಸರ ಇದ್ದರೆ ಓಜೆಕ್, ಅಂದರೆ ಬೈಕ್ ಟ್ಯಾಕ್ಸಿ. ಫೋನಿನಲ್ಲಿ ಕರೆಯುವುದಕ್ಕೆ ಓಜೋಲ್ ಅಂತಾರೆ. ಹಸಿರು ಜಾಕೆಟ್ ಹಾಕಿದವನು ಹೆಲ್ಮೆಟ್ ಕೊಟ್ಟು, ಹಿಂದೆ ಕೂರಿಸಿಕೊಂಡು 'ಜಾಲಾನ್ ತಿಕುಸ್' ಹಿಡಿಯುತ್ತಾನೆ. ಇಲಿದಾರಿ. ಗಾಜಿನ ಕಟ್ಟಡದ ಬೆನ್ನಿಗೇ ಕಂಪುಂಗ್, ಅಂದರೆ ಹಳ್ಳಿಯಂಥ ಬೀದಿ. ಹಕ್ಕಿ ಪಂಜರ, ಒಣಹಾಕಿದ ಬಟ್ಟೆ, ಬಾಗಿಲಲ್ಲಿ ಕೂತು ಮೊಮ್ಮಗುವಿಗೆ ಉಣಿಸುವ ಅಜ್ಜಿ, ಎಲ್ಲವೂ ಮೊಣಕಾಲಿಗೆ ತಾಗುವಷ್ಟು ಹತ್ತಿರ. ಇಪ್ಪತ್ತು ನಿಮಿಷಕ್ಕೆ ಆಫೀಸು. ಸಂಜೆ ನಾಲ್ಕಕ್ಕೆ ಮಳೆ ಬಂದರೆ ಮಾತ್ರ ಕಷ್ಟ. ಫ್ಲೈಓವರ್ ಕೆಳಗೆ ನೂರಾರು ಬೈಕು ನಿಲ್ಲುತ್ತವೆ, ಎಲ್ಲರೂ ಪ್ಲಾಸ್ಟಿಕ್ ಕೋಟು ಹಾಕಿಕೊಳ್ಳುತ್ತಾರೆ. ಆ ನವೆಂಬರಿನಲ್ಲಿ ಮಳೆ ಬಾರದ ದಿನ ಕಡಿಮೆ.

ಮಳೆಯ ದಿನಕ್ಕೆ ರೈಲು. ಜಕಾರ್ತಾದ ಮೆಟ್ರೋ ಶುರುವಾದದ್ದು 2019ರ ಮಾರ್ಚಿನಲ್ಲಿ, 16 ಕಿಲೋಮೀಟರ್ ಹತ್ತಿರ, 13 ನಿಲ್ದಾಣ. ನಮ್ಮ ಪೀಣ್ಯಕ್ಕೆ ಮೆಟ್ರೋ ಅದಕ್ಕೂ ಐದು ವರ್ಷ ಮೊದಲೇ ಬಂದಿತ್ತು ಅಂತ ಜಂಬದಿಂದ ಹೇಳಿಕೊಂಡೆ. ಆಮೇಲೆ ಅವರ ಎಲ್‌ಆರ್‌ಟಿ ಹತ್ತಿದೆ, ಡ್ರೈವರ್ ಇಲ್ಲದ ರೈಲು. ಜಂಬ ಇಳಿಯಿತು. ನಿಲ್ದಾಣದಿಂದ ಆಫೀಸಿನ ಬಾಗಿಲವರೆಗೆ ಫುಟ್‌ಪಾತ್ ಇತ್ತು ಅನ್ನುವುದನ್ನೂ ಹೇಳಬೇಕು. ಸುದೀರ್‌ಮಾನ್, ಥಾಮ್ರಿನ್ ರಸ್ತೆಗಳಲ್ಲಂತೂ ನಾಲ್ಕು ಜನ ಸಾಲಾಗಿ ನಡೆಯಬಹುದು. ಇಲಿದಾರಿಗಳಲ್ಲಿ ಅದೆಲ್ಲ ಕೇಳಬೇಡಿ.

ಬುಧವಾರ ಬಂತು ನೋಡಿ ಅಡ್ಡಿ. ದರ ಒಪ್ಪಿಗೆಯಾಗಿತ್ತು, ಕೈ ಕುಲುಕಿ ಆಗಿತ್ತು. ಕಾನೂನು ವಿಭಾಗದವರು ನಮ್ಮ ಇಂಗ್ಲಿಷ್ ಕರಡನ್ನು ತಿರುವಿ, ನಗುನಗುತ್ತಲೇ, ಇದು ಇಂಡೊನೇಷ್ಯಾ ಭಾಷೆಯಲ್ಲೂ ಇರಬೇಕು ಅಂದರು. 2009ರಲ್ಲೇ ಅವರು ಕಾನೂನು ಮಾಡಿದ್ದಾರೆ. ಇಂಡೊನೇಷ್ಯಾದ ಕಂಪನಿ ಮಾಡಿಕೊಳ್ಳುವ ಒಪ್ಪಂದ ಅವರ ಭಾಷೆಯಲ್ಲಿ ಇರಲೇಬೇಕು, ಜೊತೆಗೆ ಇನ್ನೊಂದು ಭಾಷೆ ಇದ್ದರೆ ಇರಲಿ. ಸುಮ್ನೆ ಪುಸ್ತಕದಲ್ಲಿರುವ ಕಾನೂನಲ್ಲ. 2013ರಲ್ಲಿ ಪಶ್ಚಿಮ ಜಕಾರ್ತಾದ ಕೋರ್ಟು, ಬರೀ ಇಂಗ್ಲಿಷಿನಲ್ಲಿತ್ತು ಅನ್ನುವ ಕಾರಣಕ್ಕೆ ಸಾಲ ಕೊಟ್ಟಿದ್ದ ಅಮೆರಿಕದ ಕಂಪನಿಯೊಂದರ ಒಪ್ಪಂದವನ್ನೇ ರದ್ದು ಮಾಡಿತು. ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು.

ಇದನ್ನು ಮೊದಲೇ ಹೇಳಬಾರದಿತ್ತಾ ಅಂತ ಸಿಟ್ಟು ಬಂತು. ಎಂಟು ತಿಂಗಳಿಂದ ಮೇಲ್ ಓಡಾಡಿದೆ. ಆದರೆ ಸಿಟ್ಟಿನ ಜೊತೆಗೇ ಹೊಟ್ಟೆಕಿಚ್ಚೂ ಆಯಿತು. ಐದು ದಿನದ ಹಿಂದಷ್ಟೇ ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸಿ, ಭಾಷಣ ಕೇಳಿ, ಮೈಸೂರು ಪಾಕ್ ತಿಂದು ಬಂದಿದ್ದೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಕನ್ನಡದಲ್ಲಿ ಒಂದು ಪರ್ಚೇಸ್ ಆರ್ಡರ್ ನಾನು ಬರೆದಿಲ್ಲ, ನನಗೆ ಯಾರೂ ಕೊಟ್ಟಿಲ್ಲ. ಅಲ್ಲಿ ಹದಿನೇಳು ಸಾವಿರ ದ್ವೀಪಗಳ, ನೂರಾರು ಭಾಷೆಗಳ ದೇಶ, ಎಲ್ಲರೂ ಒಪ್ಪಿಕೊಂಡ ಒಂದು ಭಾಷೆಗೆ ಈ ಗತ್ತು ಕೊಟ್ಟಿದೆ. ಅದರ ಕೆಳಗೆ ಜಾವಾ, ಸುಂಡಾ ಭಾಷೆಗಳಿಗೆ ಏನಾಗಿದೆ ಅನ್ನುವುದು ಬೇರೆ ಕಥೆ. ಆ ಹುಡುಗಿಯೇ ತನ್ನ ಅಜ್ಜಿಯ ಸುಂಡಾ ಭಾಷೆ ಅರ್ಧ ಮರೆತುಹೋಗಿದೆ ಅಂತ ಹೇಳಿಕೊಂಡಿದ್ದಳು.

ಸರಿ, ಪ್ರಮಾಣವಚನ ತೆಗೆದುಕೊಂಡ ಅನುವಾದಕರೊಬ್ಬರಿಗೆ ಕೆಲಸ ಹೋಯಿತು. ಎರಡು ದಿನ. ನಾನು ಟಿಕೆಟ್ ಮುಂದೆ ಹಾಕಿದೆ. ಬದಲಾವಣೆಯ ಶುಲ್ಕ ನೋಡಿ ಅವತ್ತು ರಾತ್ರಿ ಬರೀ ಬಾಳೆಹಣ್ಣು ತಿಂದೆ ಅಂದರೆ ತಮಾಷೆ ಅಲ್ಲ. ಊಟದ್ದೇ ಒಂದು ಫಜೀತಿಯಾಗಿತ್ತು. ತರಕಾರಿಯ ಗಾದೋ ಗಾದೋ, ಕಡಲೆಬೀಜದ ಚಟ್ನಿ ಸುರಿದದ್ದು, ನೋಡಲು ನಮ್ಮದೇ ಊಟ. ಆದರೆ ಚಟ್ನಿಯಲ್ಲಿ ತೆರಾಸಿ ಇರಬಹುದು, ಅಂದರೆ ಹುದುಗಿಸಿದ ಸೀಗಡಿ. ಮೇಲೆ ಇಟ್ಟ ಸಂಡಿಗೆಯಂಥ ಕ್ರುಪುಕ್ ಕೂಡ ಹಲವು ಸಲ ಸೀಗಡಿಯದ್ದೇ. ಕೊನೆಗೆ ನನ್ನನ್ನು ಉಳಿಸಿದ್ದು ಮೂರು: ತೆಂಪೆ, ಒಂದು ಕಾಯಿಯನ್ನು ಜಜ್ಜಿ ಹಪ್ಪಳದ ಹಾಗೆ ಕರಿದ ಎಂಪಿಂಗ್, ಮತ್ತು ರಾತ್ರಿ ಸೀಟಿ ಹಾಕುತ್ತಾ ಬರುವ ಪುತು ಗಾಡಿ. ಆ ಸೀಟಿ ಮನುಷ್ಯನದ್ದಲ್ಲ, ಹಬೆಯದ್ದು. ಬಿದಿರಿನ ಕೊಳವೆಯಲ್ಲಿ ಅಕ್ಕಿಹಿಟ್ಟು ತುಂಬಿ, ನಡುವೆ ಬೆಲ್ಲ ಇಟ್ಟು ಬೇಯಿಸಿ, ತೆಂಗಿನತುರಿ ಉದುರಿಸಿ ಕೊಡುತ್ತಾನೆ. ಕರಾವಳಿಯವರು ಪುಟ್ಟು ಅಂದರೆ ಸಾಕು, ಅರ್ಥವಾಗುತ್ತದೆ. ಮೊದಲ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಬೆಲ್ಲ ಬಿಸಿ ಇತ್ತು, ಅದೂ ಒಂದು ಕಾರಣ.

ದೋಸೆಯ ವಿಷಯ ಹೇಳಲೇಬೇಕು. ಇಲ್ಲಿ ದೋಸೆ ಸಿಗುತ್ತಾ ಅಂತ ಹೋಟೆಲಿನ ಹುಡುಗನನ್ನು ಕೇಳಿದ್ದೆ. ಅವನು ಬೆಚ್ಚಿಬಿದ್ದ. ಅವರ ಭಾಷೆಯಲ್ಲಿ 'ದೋಸಾ' ಅಂದರೆ ಪಾಪ. ನಮ್ಮ 'ದೋಷ'. ರಾತ್ರಿ ಹತ್ತು ಗಂಟೆಗೆ ಒಬ್ಬ ಗಂಡಸು ಬಂದು ಪಾಪ ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಪಾಪ ಅವನೇನು ಮಾಡಬೇಕು?

ಗುರುವಾರ ಖಾಲಿ. ಸರಕು ಏಜೆಂಟ್ ಒಬ್ಬರ ಜೊತೆ ತಂಜುಂಗ್ ಪ್ರಿಯೋಕ್ ಬಂದರಿನ ಕಡೆ ಹೋದೆ. ನಮ್ಮ ಮಾಲು ಇಳಿಯುವುದು ಅಲ್ಲೇ. ವಾಪಸ್ ಬರುವಾಗ ಅವರು ಮುವಾರಾ ಬಾರು ಅನ್ನುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಉದ್ದನೆ ಕಾಂಕ್ರೀಟ್ ಗೋಡೆ. ಏಣಿಯಷ್ಟು ಕಡಿದಾದ ಮೆಟ್ಟಿಲು ಹತ್ತಿ ನೋಡಿದರೆ ಗೋಡೆಯ ಆಚೆ ಸಮುದ್ರ, ಈಚೆ ರಸ್ತೆ. ಸಮುದ್ರ ರಸ್ತೆಗಿಂತ ಮೇಲಿತ್ತು. ಗೋಡೆಯ ಆಚೆ ನೀರಿನಲ್ಲಿ ಹಳೆಯ ಮಸೀದಿಯೊಂದು ಅರ್ಧ ಮುಳುಗಿ ನಿಂತಿದೆ. ಊರು ಕುಸಿಯುತ್ತಿದೆ. ಕೊಳಾಯಿ ನೀರು ಎಲ್ಲರಿಗೂ ಇಲ್ಲ, ದಶಕಗಟ್ಟಲೆ ನೆಲದ ಒಳಗಿನ ನೀರು ಎಳೆದಿದ್ದಾರೆ, ಮೇಲೆ ಕಟ್ಟಡಗಳ ಭಾರ. ಮಣ್ಣು ಕೂತಿದೆ. ಉತ್ತರದ ಕೆಲವು ಜಾಗ ಹಿಂದೆ ವರ್ಷಕ್ಕೆ 20 ಸೆಂಟಿಮೀಟರಿಗೂ ಜಾಸ್ತಿ ಕೂತದ್ದಿದೆಯಂತೆ. ಬೆಂಗಳೂರಿನ ನಮ್ಮ ಬೋರ್‌ವೆಲ್ ನೆನಪಾಯಿತು. ನಮ್ಮದು ಬಂಡೆ, ಹಾಗಾಗಿ ಕೊಳವೆ ಬತ್ತುತ್ತದೆ, ನೆಲ ನಿಂತಿರುತ್ತದೆ. ಅವರದು ಕೆಸರು ಮಣ್ಣು. ಅಷ್ಟೇ ವ್ಯತ್ಯಾಸ, ಬುದ್ಧಿ ಒಂದೇ.

ರಾಜಧಾನಿಯನ್ನೇ ಬೋರ್ನಿಯೋ ದ್ವೀಪಕ್ಕೆ ಒಯ್ಯುತ್ತೇವೆ ಅಂತ 2019ರಲ್ಲಿ ಸರ್ಕಾರ ಹೇಳಿತು. ಹೊಸ ಊರಿನ ಹೆಸರು ನುಸಾಂತರಾ. ನಾನು ಹೋಗುವ ಮೂರು ತಿಂಗಳ ಹಿಂದೆ ಸ್ವಾತಂತ್ರ್ಯ ದಿನದ ಧ್ವಜ ಅಲ್ಲೂ ಹಾರಿತ್ತು. ಹಾಗಾದರೆ ಜಕಾರ್ತಾ ರಾಜಧಾನಿ ಅಲ್ಲವಾ ಈಗ ಅಂತ ಏಜೆಂಟರನ್ನು ಕೇಳಿದೆ. ನಕ್ಕರು. 'ಬೆಲುಮ್, ಪಾಕ್.'

ಶುಕ್ರವಾರ ಆಫೀಸಿಗೆ ಹೋದರೆ ಹಬ್ಬದ ಕಳೆ. ಎಲ್ಲರೂ ಬಾತಿಕ್ ಅಂಗಿಯಲ್ಲಿ. ಜವಾನನಿಂದ ಹಿಡಿದು ಮುಖ್ಯಸ್ಥರವರೆಗೆ ಬಣ್ಣ ಬಣ್ಣದ ಬಳ್ಳಿ, ಹೂವು. ನಾನೊಬ್ಬನೇ ಬಿಳಿ ಶರ್ಟಿನಲ್ಲಿ ಶ್ರಾದ್ಧಕ್ಕೆ ಬಂದವನಂತೆ ಕಾಣುತ್ತಿದ್ದೆ. ಹನ್ನೊಂದೂವರೆಗೆ ಗಂಡಸರೆಲ್ಲ ನಮಾಜಿಗೆ ಹೊರಟರು. ಆಫೀಸು ಎರಡು ಗಂಟೆ ಖಾಲಿ. ಅನುವಾದ ಬಂದು ಮೇಜಿನ ಮೇಲಿತ್ತು. ಎಡಕ್ಕೆ ಅವರ ಭಾಷೆ, ಬಲಕ್ಕೆ ಇಂಗ್ಲಿಷು. ಸುಮ್ನೆ ಕೂರುವ ಬದಲು ಎಡಗಡೆಯನ್ನು ಓದತೊಡಗಿದೆ.

ಆ ಎರಡು ಗಂಟೆ ನನ್ನ ಇಡೀ ಪ್ರವಾಸದಲ್ಲಿ ಚೆನ್ನಾಗಿದ್ದ ಹೊತ್ತು. ಅರ್ಥವಾಗುತ್ತಿತ್ತು! ಪೂರಾ ಅಲ್ಲ, ಅಲ್ಲಲ್ಲಿ ದೀಪ ಹಚ್ಚಿದ ಹಾಗೆ. ಬೆಲೆಗೆ 'ಹರ್ಗಾ', ಅದು ಅರ್ಘ. ಖರ್ಚಿಗೆ 'ಬಿಯಾಯಾ', ವ್ಯಯ. ಲಾಭಕ್ಕೆ 'ಲಾಬಾ'. ಉದ್ದಿಮೆಗೆ 'ಉಸಾಹಾ'. ಅದು ಉತ್ಸಾಹ ಅಂತ ಗೊತ್ತಾದಾಗ ನಗು ಬಂತು, ಜಿಎಸ್‌ಟಿ ಕಟ್ಟುವ ಯಾರಾದರೂ ಉದ್ದಿಮೆಗೆ ಉತ್ಸಾಹ ಅಂತ ಹೆಸರಿಡುತ್ತಾರಾ? ಬಂಡವಾಳಕ್ಕೆ 'ಮೋದಾಲ್'. ತಮಿಳಿನ ಮುದಲ್, ನಮ್ಮ ಅಜ್ಜ 'ಬಡ್ಡಿ ಇರಲಿ, ಮೊದಲಾದರೂ ಬರಲಿ' ಅನ್ನುತ್ತಿದ್ದ ಅದೇ ಮೊದಲು. ಕಂಟೇನರಿಗೆ 'ಪೆತಿ ಕೆಮಾಸ್', ಪೆತಿ ಅಂದರೆ ಪೆಟ್ಟಿಗೆ. ನಾನು 'ಪೆರ್ತಾಮಾ' ಪಕ್ಷ, ಪ್ರಥಮ. ಕೆಳಗೆ ಇಬ್ಬರು 'ಸಾಕ್ಸಿ', ಸಾಕ್ಷಿ. ಶತಮಾನಗಳ ಹಿಂದೆ ನಮ್ಮ ಕಡೆಯ ಹಡಗಿನವರು ಬಿಟ್ಟುಬಂದ ಸಾಮಾನನ್ನು ಯಾರೋ ಇಟ್ಟುಕೊಂಡು, ದಿನಾ ಬಳಸಿ, ಚೂರು ಸವೆಸಿ, ಈಗ ನನ್ನ ಮುಂದೆ ಇಟ್ಟ ಹಾಗೆ.

ಹೀಗೆ ಓದುತ್ತಾ ಹನ್ನೊಂದನೇ ಕಲಮಿಗೆ ಬಂದೆ. ದಪ್ಪ ಅಕ್ಷರದಲ್ಲಿ 'ದೆಂದಾ'. ಅಯ್ಯೋ, ಇದು ದಂಡ!

ಮಾಲು ತಡವಾದರೆ ದಿನಕ್ಕೆ ಸಾವಿರಕ್ಕೆ ಒಂದರಷ್ಟು ಕಡಿತ. ನನ್ನ ಕರಡಿನಲ್ಲಿ ಮೊದಲ ಏಳು ದಿನಕ್ಕೆ ವಿನಾಯಿತಿ ಕೇಳಿದ್ದೆ. ಸಿಂಗಪುರದಲ್ಲಿ ಹಡಗು ಬದಲಾಯಿಸುವಾಗ ಎಷ್ಟು ದಿನ ಹೋಗುತ್ತದೋ ನನ್ನ ಕೈಯಲ್ಲಿಲ್ಲ. ಆ ಏಳು ದಿನ ಎರಡೂ ಭಾಷೆಯಲ್ಲಿ ಮಾಯವಾಗಿತ್ತು. ಇಂಗ್ಲಿಷನ್ನು ನಾನು ಓದದೆಯೇ ಸಹಿ ಮಾಡುತ್ತಿದ್ದೆನೋ ಏನೋ. ಪರಿಚಿತ ಭಾಷೆಯಲ್ಲಿ ಕಣ್ಣು ಜಾರುತ್ತದೆ.

ಪಾಕ್ ನಮಾಜು ಮುಗಿಸಿ ಬಂದ ಮೇಲೆ ಕೇಳಿದೆ. 'ಪರಿಗಣಿಸುತ್ತೇವೆ' ಅಂದರು. ಹಿಂದೆ ಕೂತ ಹುಡುಗಿ ನನ್ನತ್ತ ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದಳು. ಪರಿಗಣಿಸುತ್ತೇವೆ ಅಂದರೆ ಇಲ್ಲ. ಐದು ದಿನವಾದರೂ ಕೊಡಿ ಅಂದೆ. 'ನಂತಿ' ಅಂದರು, ಆಮೇಲೆ. ಅದೂ ಇಲ್ಲವೇ. ಮೂರು? ಚಹಾ ಬಂತು. ಚಹಾ ಅಂದರೆ ಮಾತು ಮುಗಿಯಿತು ಅಂತ ನನಗೂ ಅಷ್ಟರಲ್ಲಿ ತಿಳಿದಿತ್ತು. ಇಷ್ಟೆಲ್ಲ ಆದರೂ ಯಾರೂ 'ಇಲ್ಲ' ಅನ್ನಲಿಲ್ಲ, ದನಿ ಏರಿಸಲಿಲ್ಲ. ನಾನು ನಗುತ್ತಲೇ ಸೋತೆ.

ಆಮೇಲೆ ಇನ್ನೊಂದು. ಸಹಿ ಹಾಕಬೇಕಾದ ನಿರ್ದೇಶಕರು ಸುಮಾತ್ರಾದ ಮೇದಾನ್‌ಗೆ ಹೋಗಿದ್ದಾರೆ. ಬಂದಿದ್ದಾರಾ? ಬೆಲುಮ್. ಸೋಮವಾರ.

ಶನಿವಾರ ಕೋಟಾ ತುವಾ ನೋಡಿದೆ, ಡಚ್ಚರ ಕಾಲದ ಹಳೇ ಊರು. ಬಿಸಿಲು, ಬಾಡಿಗೆ ಸೈಕಲ್ಲು, ಟೋಪಿ. ಹೆಚ್ಚು ಹೇಳುವುದಕ್ಕಿಲ್ಲ. ಬರುವಾಗ ಮೊನಾಸ್ ಗೋಪುರದ ಹತ್ತಿರ ದೊಡ್ಡ ವೃತ್ತದಲ್ಲಿ ರಥ ಕಂಡು ಬಸ್ಸಿನಿಂದ ಇಳಿದೇಬಿಟ್ಟೆ. ಹಾರುವಂತೆ ಓಡುವ ಕುದುರೆಗಳ ಸಾಲು, ಹಿಂದೆ ಕೃಷ್ಣ, ಬಿಲ್ಲು ಹಿಡಿದ ಅರ್ಜುನ. 1987ರಲ್ಲಿ ಮಾಡಿದ್ದು, ಶಿಲ್ಪಿ ನ್ಯೋಮಾನ್ ನುವಾರ್ತಾ. ಪ್ರಪಂಚದಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳಲ್ಲಿ ಒಂದರ ರಾಜಧಾನಿಯ ನಡುಮಧ್ಯೆ. ಸಮೀಪದಲ್ಲೇ ಇಸ್ತಿಕ್ಲಾಲ್ ಮಸೀದಿ, ಅದನ್ನು ವಿನ್ಯಾಸ ಮಾಡಿದವರು ಸಿಲಾಬಾನ್ ಅನ್ನುವ ಕ್ರೈಸ್ತರು. ಎದುರಿಗೇ ಚರ್ಚು. ಪಕ್ಕದಲ್ಲಿ ನಿಂತ ಕಾಲೇಜು ಹುಡುಗನೊಬ್ಬನಿಗೆ ಅರ್ಜುನನ ಕಥೆ ಹೇಳಲು ಹೋದೆ. ಅವನೇ ನನಗೆ ಕರ್ಣನ ಕಥೆ ಹೇಳಿ ಕಳಿಸಿದ. ಉಪವಾಸಕ್ಕೆ ಅವರು 'ಪುವಾಸಾ' ಅನ್ನುತ್ತಾರೆ ಅಂತಲೂ ಅವನಿಂದಲೇ ತಿಳಿಯಿತು. ರಂಜಾನಿನ ಉಪವಾಸಕ್ಕೂ ಅದೇ ಪದ. ಅವತ್ತೇ ಪಾಸಾರ್ ಬಾರುವಿನಲ್ಲಿ ನಾನೂ ಒಂದು ಬಾತಿಕ್ ಅಂಗಿ ಕೊಂಡೆ.

ಭಾನುವಾರ ಬೆಳಿಗ್ಗೆ ಥಾಮ್ರಿನ್ ರಸ್ತೆಯಲ್ಲಿ ವಾಹನ ಬಂದ್. ಕಾರುಗಳು ನಿಂತು ಕಾಯುತ್ತಿದ್ದ ಅದೇ ಜಾಗದಲ್ಲಿ ಇಡೀ ಊರು ಓಡುತ್ತಿತ್ತು, ಕುಣಿಯುತ್ತಿತ್ತು, ಗಂಜಿ ಕುಡಿಯುತ್ತಿತ್ತು. ನಾನೂ ನಡುರಸ್ತೆಯಲ್ಲಿ ಕೈ ಬೀಸಿಕೊಂಡು ನಡೆದೆ.

ಸೋಮವಾರ ಹೊಸ ಬಾತಿಕ್ ಹಾಕಿಕೊಂಡು ಆಫೀಸಿಗೆ ಹೋದೆ. ಅವರೆಲ್ಲ ಬಿಳಿ ಶರ್ಟಿನಲ್ಲಿದ್ದರು.

ನಿರ್ದೇಶಕರು ಬಂದಿದ್ದರು. ಎರಡು ಪ್ರತಿ, ಒಂದೊಂದಕ್ಕೂ ಹತ್ತು ಸಾವಿರ ರುಪಿಯಾದ 'ಮೆತೆರೈ', ಅಂದರೆ ನಮ್ಮ ರೆವಿನ್ಯೂ ಸ್ಟಾಂಪಿನಂಥ ಚೀಟಿ. ನಾನು ಚೀಟಿಯ ಕೆಳಗೆ ನೀಟಾಗಿ ಸಹಿ ಮಾಡಲು ಹೋದೆ. ಹುಡುಗಿ ತಡೆದಳು. ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬರಬೇಕು, ಚೀಟಿ ಕಿತ್ತರೆ ಸಹಿಯೂ ಹರಿಯುವಂತೆ. ಆಮೇಲೆ ಕಂಪನಿ ಸೀಲು. ನನ್ನ ಸೀಲು ಪೀಣ್ಯದಲ್ಲಿತ್ತು. ಎಲ್ಲರೂ ಒಂದು ನಿಮಿಷ ಸುಮ್ಮನಾದರು. ಸೀಲು ಇಲ್ಲದೆ ನಡೆಯುತ್ತಾ ಅಂತ ಕೇಳಿದೆ. 'ಬಿಸಾ' ಅಂದರು ನಿರ್ದೇಶಕರು. ನಾನು ಹುಡುಗಿಯ ಮುಖ ನೋಡಿದೆ. ನಿರ್ದೇಶಕರು ಮುಂದುವರಿಸಿದರು, 'ನಿಮ್ಮ ಪ್ರತಿಗೆ ಬೆಂಗಳೂರಿನಲ್ಲಿ ಸೀಲು ಹಾಕಿ, ಇದೇ 20ರೊಳಗೆ ಕೊರಿಯರ್ ಮಾಡಿ.' ದಿನಾಂಕ ಬಂದಿತ್ತು. ಉಸಿರು ಬಿಟ್ಟೆ.

ಮೊದಲ ಆರ್ಡರ್ ಬಂದದ್ದು ಏಳು ವಾರದ ಮೇಲೆ. ಮಾಲು ಹೊತ್ತಿಗೆ ಸರಿಯಾಗಿ ಕಳಿಸಿದೆವು. ಸಿಂಗಪುರದಲ್ಲಿ ಹಡಗು ತಪ್ಪಿತು, ನಾನು ಹೆದರಿದ್ದ ಹಾಗೆಯೇ. ಪೆಟ್ಟಿಗೆ ನಾಲ್ಕು ದಿನ ತಡವಾಗಿ ತಂಜುಂಗ್ ಪ್ರಿಯೋಕ್ ಮುಟ್ಟಿತು. ಕ್ಷಮೆ ಕೇಳಿ ಉದ್ದನೆ ಮೇಲ್ ಬರೆದೆ. ಪಾಕ್ ಅವರಿಂದ ಒಂದೇ ಸಾಲು ಬಂತು: 'ತಿದಾಕ್ ಆಪಾ ಆಪಾ, ಪಾಕ್.' ಪರವಾಗಿಲ್ಲ ಬಿಡಿ ಅಂತ. ಅದು ನಿಜವಾಗಿಯೂ ಪರವಾಗಿಲ್ಲವೋ, ಪರವಾಗಿಲ್ಲ ಅನ್ನುವ ಇಲ್ಲವೋ ತಿಳಿಯದೆ ಒಂದು ತಿಂಗಳು ಕಳೆದೆ.

ಪೇಮೆಂಟ್ ಬಂದ ದಿನ ಲೆಕ್ಕದ ಹಾಳೆ ತೆಗೆದು ಕೂತೆ. ದೆಂದಾ ಹಿಡಿದುಕೊಂಡಿದ್ದರು. ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿ ನೋಡಿದೆ. ನಾಲ್ಕು ದಿನದ್ದಲ್ಲ, ಎರಡು ದಿನದ್ದು.